ಸ್ವಿಚ್ ಕಂಬದವರೆಗೆ

ಲೈನ್‌ಮ್ಯಾನ್ ಪಾಲಣ್ಣ ಕಂಬ ಹತ್ತುವಾಗ ಅವನ ಕಾಲು ಕಂಬಕ್ಕೆ ತಗುಲುತ್ತಿತ್ತು ಎಂದರೆ ಅದು ಸುಳ್ಳಾಗುತ್ತದೆ. ಕೆಳಗೆ ಬೂಟು ಬಿಚ್ಚಿಟ್ಟಿದ್ದನ್ನು ನೋಡಿದವರಿದ್ದಾರೆ, ಮೇಲೆ ಕೂತಿದ್ದನ್ನು ನೋಡಿದವರಿದ್ದಾರೆ. ನಡುವೆ ಹತ್ತಿದ್ದನ್ನು ನೋಡಿದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ನಾವು ಬೀಡಿಗೆ ಕಡ್ಡಿ ಗೀರಿ ತಲೆ ಎತ್ತುವಷ್ಟರಲ್ಲಿ ಮೇಲಿನಿಂದ, "ಆ ಕಡ್ಡಿಪೆಟ್ಟಿಗೆ ಇತ್ತ ಎಸೀರಲೇ" ಎನ್ನುತ್ತಿದ್ದ. ತಂತಿಯ ಮೇಲಿನ ಕಾಗೆಗಳು ಹಾರಿಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಸರಿದು ಕೂರುವ ಹಾಗೆ ಸ್ವಲ್ಪ ಆಚೆ ಸರಿದು ಜಾಗ ಬಿಡುತ್ತಿದ್ದವು.

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯಲ್ಲಿ ನಮ್ಮದೂ ಸೇರಿ ನಾಲ್ಕಾರು ಹಳ್ಳಿಗಳ ಕರೆಂಟ್ ಅವನ ಕೈಯಲ್ಲಿತ್ತು. ಅವನದೊಂದು ಕ್ರಮ. ಎಲ್ಲೇ ಕೆಲಸವಿರಲಿ, ಮೊದಲು ಹೊಲಗಳ ನಡುವೆ ಹಾಯ್ದು ಡಾಂಬರು ರಸ್ತೆಯ ಪಕ್ಕದ ಸ್ವಿಚ್ ಕಂಬಕ್ಕೆ ಹೋಗುತ್ತಿದ್ದ. ಮೇನ್ ಲೈನಿನಿಂದ ನಮ್ಮೂರ ಲೈನು ಕವಲೊಡೆಯುವುದು ಅಲ್ಲಿ. ಕಂಬದ ಬುಡದಲ್ಲಿ ಒಂದು ಕಬ್ಬಿಣದ ಹಿಡಿಕೆ. ಅದನ್ನು ಕೆಳಕ್ಕೆ ಎಳೆದರೆ ಮೇಲೆ ತಂತಿಗಳ ಕೊಂಡಿ ಬಿಟ್ಟು ನಮ್ಮೂರ ಲೈನು ಬಟ್ಟೆ ಒಣಹಾಕುವ ತಂತಿಯಷ್ಟೇ ಸಾಧುವಾಗುತ್ತದೆ. ಹಿಡಿಕೆಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿ, ಅಷ್ಟೂ ದಾರಿ ಮತ್ತೆ ನಡೆದು ಬಂದ ಮೇಲೇ ಕಂಬ. ಕರೆಂಟ್ ಮೊದಲೇ ಹೋಗಿದ್ದರೂ ಅಷ್ಟೆ. "ಹೋಗಿರೋದು ಯಾವಾಗ ಬರ್ತದೋ ಯಾರಿಗೆ ಗೊತ್ತು? ನನ್ನ ಹೆಂಡ್ತಿ ತವರಿಗೆ ಹೋದ್ರೂ ನಾನು ಹಿಂಗೇ ಹುಷಾರಾಗಿರ್ತೀನಿ" ಎಂದು ಹೆಂಡತಿ ಶಶಿರೇಖಾಳ ಎದುರಿಗೇ ಹೇಳುತ್ತಿದ್ದ.

ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಬೇಸಿಗೆ ಇವನನ್ನು ಹಿಂಡಿಹಾಕಿತು. ಪಕ್ಕದ ಭಾಗದ ಲೈನ್‌ಮ್ಯಾನ್ ವರ್ಗವಾಗಿ ಹೋದ, ಅವನ ಜಾಗಕ್ಕೆ ಯಾರೂ ಬರಲಿಲ್ಲ, ಅವನ ಹಳ್ಳಿಗಳೂ ಪಾಲಣ್ಣನ ತಲೆಗೆ ಬಂದವು. ಬೋರ್‌ವೆಲ್ಲುಗಳಿಗೆ ಬೇಕಾದ ತ್ರೀಫೇಸ್ ಕರೆಂಟ್ ದಿನಕ್ಕೆ ಕೆಲವೇ ಗಂಟೆ. ಅದು ಬಂದ ಕೂಡಲೇ ಎಲ್ಲರ ಮೋಟಾರೂ ಒಂದೇ ಉಸಿರಿಗೆ ಎಳೆದರೆ ಟ್ರಾನ್ಸ್‌ಫಾರ್ಮರ್ ಎಂಬ ಬಡಪಾಯಿ ಏನು ಮಾಡೀತು? ಸಿಡಿಯಿತು. ಒಂದು ಸಿಡಿದು ರಿಪೇರಿಯಾಗುವಷ್ಟರಲ್ಲಿ ಇನ್ನೊಂದು. ಆ ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರುಗಳ ಗುಡುಗಿಗೆ ಮಳೆ ಬಂತೆಂದು ತಿಳಿದು ಕುಣಿದ ನವಿಲುಗಳು ಮುಂದಿನ ಮೂರು ವರ್ಷ ನಿಜವಾದ ಗುಡುಗಿಗೂ ಕದಲಲಿಲ್ಲ. ಪಾಲಣ್ಣ ಊಟಕ್ಕೆ ಕೂತರೆ ಜಗುಲಿಯಲ್ಲಿ ಐದಾರು ಜನ ಅವನ ತುತ್ತು ಎಣಿಸುತ್ತ ಕಾಯುತ್ತಿದ್ದರು. ಕಣ್ಣು ಮುಚ್ಚಿದರೆ ಬಾಗಿಲು ಬಡಿಯುತ್ತಿತ್ತು.

ಒಂದು ಬೆಳಿಗ್ಗೆ ಅವನು ಒಂದು ಕಾಲಿಗೆ ಬೂಟು ಹಾಕಿದ. ಇನ್ನೊಂದನ್ನು ಕೈಯಲ್ಲಿ ಹಿಡಿದು ಕೂತವನು ಹೊತ್ತು ನೆತ್ತಿಗೇರಿದರೂ ಕೂತೇ ಇದ್ದ.

"ಏನ್ರೀ, ಚೇಳು ಗೀಳು ಹೊಕ್ಕೈತಾ ಅದ್ರಾಗೆ?" ಎಂದಳು ಶಶಿರೇಖಾ.

"ಇಲ್ಲ."

"ಮತ್ತೆ?"

"ಹಾಕ್ಕೋಬೇಕು ಅನ್ನಿಸ್ತಿಲ್ಲ ಕಣೇ."

ಅವಳು ಬೂಟನ್ನು ಕೊಡವಿ ನೋಡಿದಳು. ಚೇಳು ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು, ಹೊಡೆದು ಹಾಕಬಹುದಿತ್ತು.

ಆಮೇಲೂ ಕೆಲಸಕ್ಕೆ ಹೋಗುತ್ತಿದ್ದ, ಬರೀ ಹೋಗುವುದಷ್ಟೆ. ಕಂಬದ ಕೆಳಗೆ ನಿಂತು ಕೈ ತೋರಿಸುವುದು ಅವನದು, ಹತ್ತುವುದು ಪೆದ್ದಣ್ಣನದು. ಪೆದ್ದಣ್ಣನ ಕಸುಬು ಹುಣಸೆ ಮರ ಬಡಿಯುವುದು. ಐವತ್ತು ದಾಟಿದ್ದರೂ ನೆಲದ ಮೇಲೆ ನಡೆದರೆ ತಲೆ ಸುತ್ತುತ್ತದೆ ಎಂದು ಕೊಂಬೆಯ ಮೇಲೇ ಇರುವ ಆಸಾಮಿ. ಇಲಾಖೆಗೂ ಅವನಿಗೂ ಸಂಬಂಧವಿಲ್ಲ. ಪಾಲಣ್ಣನ ಮೇಲಿನ ಪ್ರೀತಿ, ಅಷ್ಟೆ. "ನೀನು ದಣಿದಿದ್ದೀಯ, ಕೂತ್ಕೊ. ಕಂಬಕ್ಕೆ ಮುಳ್ಳಿಲ್ಲ, ಇರುವೆ ಇಲ್ಲ, ಹುಣಸೆಗಿಂತ ಸುಖ" ಎಂದು ಹತ್ತಿಬಿಡುತ್ತಿದ್ದ.

ಪಾಲಣ್ಣ ಕೂತ. ಕೂತಲ್ಲೇ ತಿಂದ. ಬಸ್ ಸ್ಟಾಪಿನ ಪಾಪಕ್ಕನ ಅಂಗಡಿಯ ಮೆಣಸಿನಕಾಯಿ ಬಜ್ಜಿ ಎಂದರೆ ಸಾಮಾನ್ಯವಲ್ಲ. ಅದನ್ನು ತಿಂದ ಲಾರಿ ಡ್ರೈವರೊಬ್ಬ ರಾಂಪುರ ದಾಟಿ ಬಳ್ಳಾರಿ ಮುಟ್ಟುವವರೆಗೆ ಹಾರ್ನ್ ಒತ್ತಲಿಲ್ಲ, ಅವನ ಬಾಯಿಂದ ಬರುತ್ತಿದ್ದ ಸದ್ದಿಗೇ ಎಲ್ಲರೂ ದಾರಿ ಬಿಟ್ಟರು. ಅಂಥ ಬಜ್ಜಿಯನ್ನು ಪಾಲಣ್ಣ ಮಂಡಕ್ಕಿಯ ಹಾಗೆ ತಿನ್ನತೊಡಗಿದ. ರುಚಿಗಲ್ಲ. ಬಾಯಾಡುತ್ತಿರುವಷ್ಟು ಹೊತ್ತು ಬೇರೇನೂ ಯೋಚಿಸಬೇಕಾಗಿರಲಿಲ್ಲ. ಇದರ ಜೊತೆಗೆ ಕರೆಂಟ್ ಸರಿಮಾಡಿಸಿಕೊಂಡ ಮನೆಗಳವರು ಉಪಚಾರ ಮಾಡದೆ ಕಳಿಸುವುದು ನಮ್ಮ ಕಡೆ ಇಲ್ಲ. ಒಲ್ಲೆ ಎಂದರೆ ಮುನಿಸು. ವರ್ಷ ತುಂಬುವುದರೊಳಗೆ ಪಾಲಣ್ಣನ ಹೊಟ್ಟೆ ಅವನಿಗಿಂತ ಮೊದಲೇ ಹಾಜರಿ ಹಾಕಿ, ಅವನು ಬರುವವರೆಗೆ ಕೆಲಸ ನೋಡಿಕೊಳ್ಳುತ್ತಿತ್ತು.

ಶಶಿರೇಖಾ ಅವನನ್ನು ಚಳ್ಳಕೆರೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಬಿ.ಪಿ. ನೋಡಿ, ನಾಲಿಗೆ ನೋಡಿ, ಎಣ್ಣೆ ಕಡಿಮೆ ಮಾಡಿ, ಬೆಳಿಗ್ಗೆ ವಾಕಿಂಗ್ ಹೋಗಿ ಎಂದರು. ಚಳ್ಳಕೆರೆಯಲ್ಲಿ ನಿಂತು ಎಣ್ಣೆ ಕಡಿಮೆ ಮಾಡಿ ಎನ್ನುವ ಧೈರ್ಯ ಆ ಡಾಕ್ಟರಿಗೆ ಹೇಗೆ ಬಂತೋ! ಮಿಲ್ಲುಗಳು ಶೇಂಗಾ ಅರೆಯುವ ಕಾಲದಲ್ಲಿ ಆ ಊರಿನ ಗಾಳಿಯನ್ನು ಬಾಣಲೆಯಲ್ಲಿ ಹಿಡಿದರೆ ಒಗ್ಗರಣೆ ಹಾಕಬಹುದು.

ವಾಕಿಂಗ್ ಹೊರಟ ಮೊದಲ ಬೆಳಿಗ್ಗೆಯೇ ಎಡವಟ್ಟಾಯಿತು. ಲೈನ್‌ಮ್ಯಾನ್ ಬೆಳಕು ಹರಿಯುವ ಮೊದಲೇ ಲೈನಿನ ಕೆಳಗೆ ಸರಸರ ನಡೆದರೆ ಊರು ಏನೆಂದುಕೊಳ್ಳಬೇಕು? ಕದ್ದು ತ್ರೀಫೇಸ್ ಬಿಡಿಸುತ್ತಿದ್ದಾನೆ ಎಂದುಕೊಂಡಿತು. ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಊರಿಗೆ ಊರೇ ಗುದ್ದಲಿ ಹಿಡಿದು ಮಡಿಗಳಿಗೆ ನೀರು ತಿರುವಲು ಓಡಿತು. ಅರ್ಧ ಜನ ಮೋಟಾರ್ ಮನೆಯಲ್ಲಿ ಕಾದರು, ಉಳಿದರ್ಧ ಇವನ ಬೆನ್ನ ಹಿಂದೆ ಬಂದರು. ಎಲ್ಲರಿಗಿಂತ ಮುಂದೆ ದೊಡ್ಡ ಹಿಡುವಳಿಯ ಸೋಮಶೇಖರಪ್ಪ.

"ಎಲ್ಲಿ ಫಾಲ್ಟು ಪಾಲಣ್ಣ?"

"ಎಲ್ಲೂ ಇಲ್ರಿ. ವಾಕಿಂಗು."

"ನಮ್ಮತ್ರ ಯಾಕಪ್ಪ ಮುಚ್ಚುಮರೆ? ಯಾರ ಹೊಲಕ್ಕೆ ಬಿಡ್ತಿದ್ದೀಯ ಹೇಳು."

ಮಾರನೆಯ ದಿನ ಅವನು ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸ್ವಿಚ್ ಕಂಬದ ದಾರಿಯಲ್ಲಿ ಹುಲ್ಲು ಬೆಳೆಯಿತು.

ಹೀಗಿರುವಾಗ ಸೋಮಶೇಖರಪ್ಪನ ಹೊಲದ ಕಂಬದ ಮೇಲೆ ತಂತಿ ಹಿಡಿದಿದ್ದ ಪಿಂಗಾಣಿ ಬುಡ್ಡಿ ಒಡೆಯಿತು. ಸೋಮಶೇಖರಪ್ಪ ಟ್ರ್ಯಾಕ್ಟರಿನಲ್ಲಿ ಪಾಲಣ್ಣ, ಪೆದ್ದಣ್ಣ ಇಬ್ಬರನ್ನೂ ಹೊಲದಲ್ಲಿ ಇಳಿಸಿ ಚಳ್ಳಕೆರೆಯ ಮಾರ್ಕೆಟ್‌ಗೆ ಹೋದ. ದಾರಿಯಲ್ಲಿ ಪಾಪಕ್ಕನ ಅಂಗಡಿಯಲ್ಲಿ ಕೆಲಸದ ವಿಷಯ ಹೇಳುತ್ತ ಬಜ್ಜಿ ತಿಂದದ್ದೂ ಆಗಿತ್ತು. ಕರೆಂಟ್ ಇರಲಿಲ್ಲ, ಬರುವುದು ಹನ್ನೆರಡಕ್ಕೆ. ಪಾಲಣ್ಣ ಸ್ವಿಚ್ ಕಂಬದ ದಿಕ್ಕಿಗೆ ಒಮ್ಮೆ ನೋಡಿದ. ನಡುವೆ ಉತ್ತ ಹೊಲ, ಬದುಗಳು, ಕಳ್ಳಿಬೇಲಿ, ಬಿಸಿಲು.

"ಹನ್ನೆರಡಕ್ಕೆ ಮುಂಚೆ ಮುಗೀತದೆ. ಹತ್ತು" ಎಂದ.

ಪೆದ್ದಣ್ಣ ಹತ್ತಿದ. ಸೊಂಟಕ್ಕೂ ಕಂಬಕ್ಕೂ ನೈಲಾನ್ ಹಗ್ಗ ಬಿಗಿದುಕೊಂಡು, ಒಡೆದ ಬುಡ್ಡಿ ಬಿಚ್ಚಿ, ತಂತಿಯನ್ನು ಹೆಗಲ ಮೇಲೆ ಹೊತ್ತು ಹೊಸದನ್ನು ಕೂರಿಸುತ್ತಿದ್ದ. ಆಗ ಬೇಲಿಯ ಸಂದಿಯಿಂದ ಪಾಪಕ್ಕ ಬರುವುದು ಕಂಡಿತು. ಅರವತ್ತರ ಹೆಂಗಸು, ಅಂಗಡಿ ಬಿಟ್ಟು ದೇವರಿಗೂ ಹೋದವಳಲ್ಲ. ಕೈಯಲ್ಲಿ ಬಜ್ಜಿ ಎತ್ತುವ ಜಾಲರಿ ಸೌಟು ಹಾಗೇ ಇತ್ತು. ಅವಳಿಗೆ ಗಾಬರಿಯಾದರೆ ಬಾಯಿಗೆ ತೆಲುಗು ಬರುತ್ತದೆ.

"ಒರೇ ಪಾಲಣ್ಣಾ! ದಿಗಮನರಾ, ಇಳಿಸೋ ಅವನ್ನ! ಕರೆಂಟ್ ಸ್ಟೇಷನ್ ಆಪರೇಟರು ಬಸ್ಸಿಳಿದು ಟೀ ಕುಡೀತಾ ಅಂದ, ಇವತ್ತು ತ್ರೀಫೇಸ್ ಹತ್ತಕ್ಕಂತೆ!"

"ಹತ್ತಕ್ಕಾ? ಈಗೆಷ್ಟು?"

"ಹತ್ತರ ಬಸ್ಸು ಬರೋ ಹೊತ್ತಾತು ಕಣೋ!"

ಪಾಲಣ್ಣ ಮೇಲಕ್ಕೆ ಕೂಗಿದ. "ಪೆದ್ದಣ್ಣ, ಇಳಿ! ತಂತಿ ಬಿಟ್ಟು ಇಳಿ!"

ಪೆದ್ದಣ್ಣ ತಂತಿ ಬಿಟ್ಟ. ಅದು ತೋಳಿಗೆ ಒರಗಿಕೊಂಡೇ ಉಳಿಯಿತು. ಹಗ್ಗದ ಗಂಟಿಗೆ ಕೈ ಹಾಕಿದ. ಎಳೆದ, ಹಲ್ಲಿನಿಂದ ಕಚ್ಚಲು ಬಗ್ಗಿದ, ಬಾಯಿ ಎಟುಕಲಿಲ್ಲ. ಅವನ ಭಾರಕ್ಕೇ ನೈಲಾನ್ ಬಿಗಿದು ಕಲ್ಲಾಗಿತ್ತು.

"ಗಂಟು ಬಿಡವಲ್ದು ಪಾಲಣ್ಣ!"

"ಕತ್ತರಿಸೋ! ಪ್ಲೇಯರ್ ಐತಲ್ಲ!"

ಪ್ಲೇಯರ್ ಎಂಬ ಆ ಇಕ್ಕಳ ಅವನ ಕೈಜಾರಿ ನೆಲಕ್ಕೆ ಬಿತ್ತು. ಪಾಲಣ್ಣ ಅದನ್ನು ಹಲ್ಲಲ್ಲಿ ಕಚ್ಚಿ ಕಂಬ ತಬ್ಬಿದ. ಒಂದು ಕಾಲು ಇಟ್ಟ. ಇನ್ನೊಂದು ನೆಲ ಬಿಡಲಿಲ್ಲ. ಹೊಟ್ಟೆ ಕಂಬಕ್ಕೂ ಅವನಿಗೂ ನಡುವೆ ನಿಂತಿತ್ತು. ಮತ್ತೊಮ್ಮೆ ಪ್ರಯತ್ನಿಸಿದ. ಎದೆ ಉಜ್ಜಿಕೊಂಡು ಕೆಳಗೆ ಜಾರಿದ. ಮೇಲಿನಿಂದ ಪೆದ್ದಣ್ಣ ಅದನ್ನು ನೋಡಿದ.

ಉಳಿದದ್ದು ಸ್ವಿಚ್ ಕಂಬ. ಪ್ಲೇಯರನ್ನು ಪಾಪಕ್ಕನ ಕೈಗೆ ತುರುಕಿ, "ಎಸಿ ಅವನಿಗೆ, ಸಿಕ್ಕೋವರ್ಗೂ ಎಸಿ" ಎಂದು ಓಡಿದ.

ಓಡಿದ ಎಂದು ನಾನು ಬರೆಯುವುದು ಮರ್ಯಾದೆಗೆ. ಮೊದಲ ಹೊಲ ಓಡಿದ. ಎರಡನೆಯದರಲ್ಲಿ ನೇಗಿಲ ಸಾಲುಗಳು ಕಾಲು ಹಿಡಿದವು, ಬಿದ್ದ, ಎದ್ದ. ಬೇಲಿಯ ಹತ್ತಿರ ಬಜ್ಜಿಯೆಲ್ಲ ಮೇಲೆ ಬಂತು. ಬಗ್ಗಿ ಕಕ್ಕುತ್ತಿರುವಾಗಲೂ ಕಿವಿ ಮಾತ್ರ ಆಚೆ ಇತ್ತು. ಸುತ್ತಲಿನ ಹೊಲಗಳ ಬೋರ್‌ವೆಲ್ಲಿಗೆಲ್ಲ ಆಟೋ ಸ್ಟಾರ್ಟರ್ ಇತ್ತು. ಕರೆಂಟ್ ಬಂದ ಕ್ಷಣವೇ ಮೋಟಾರುಗಳೆಲ್ಲ ತಾವಾಗಿಯೇ ಕೂಗಿಕೊಂಡು ನೀರು ಕಕ್ಕುತ್ತವೆ. ಆ ಸದ್ದು ಕೇಳಿತೆಂದರೆ ಪೆದ್ದಣ್ಣ ಇಲ್ಲ. ಪಾಲಣ್ಣನಿಗೆ ತನ್ನ ಎದೆ ಬಡಿತವೇ ಒಮ್ಮೆ ಮೋಟಾರಿನ ಹಾಗೆ ಕೇಳಿತು. ನಿಂತುಬಿಟ್ಟ. ಉಸಿರು ಹಿಡಿದು ಆಲಿಸಿದ. ಎಲ್ಲೋ ಒಂದು ಗೌಜಲಹಕ್ಕಿ ಕೂಗಿತು. ಮೋಟಾರಲ್ಲ. ಮತ್ತೆ ಹೊರಟ. ಕೊನೆಯ ಹೊಲವನ್ನು ಅವನು ಓಡಲೂ ಇಲ್ಲ, ನಡೆಯಲೂ ಇಲ್ಲ. ಹೊಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಬೇರೆ ಯಾರದೋ ಮೂಟೆ ಹೊತ್ತವನ ಹಾಗೆ ತೂರಾಡುತ್ತ ದಾಟಿದ.

ಹಿಡಿಕೆಗೆ ತುಕ್ಕು ಹಿಡಿದಿತ್ತು. ಎಳೆದ, ಬರಲಿಲ್ಲ. ನೇತಾಡಿದ. ಆ ವರ್ಷವೆಲ್ಲ ಬೆಳೆಸಿದ ತೂಕ ಉಪಯೋಗಕ್ಕೆ ಬಂದದ್ದು ಆ ಒಂದು ಗಳಿಗೆ ಮಾತ್ರ. ಕಿರ್ರೆಂದು ಹಿಡಿಕೆ ಇಳಿಯಿತು, ಮೇಲೆ ಕೊಂಡಿಗಳು ಬಿಟ್ಟವು.

ಕಂಬದ ಬುಡದಲ್ಲಿ ಕುಸಿದು ಕೂತ. ಮೋಟಾರುಗಳು ಕೂಗಲಿಲ್ಲ. ಎದುರಿನ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಆ ತುದಿಯಲ್ಲಿ ಕಾಣಿಸಿಕೊಂಡು, ಅವನ ಮುಂದೆ ಹಾದು, ಈ ತುದಿಯಲ್ಲಿ ಮರೆಯಾಯಿತು. ಆಗಲೂ ಕೂಗಲಿಲ್ಲ. ಬೆವರು ಆರಿ, ಉಸಿರು ಸಮವಾದ ಮೇಲೆ, ರಸ್ತೆಯಾಚೆಯ ಹಳ್ಳಿಯ ಹೊಲಗಳಲ್ಲಿ ಮೋಟಾರುಗಳೆಲ್ಲ ಒಟ್ಟಿಗೆ ಕೂಗಿಕೊಂಡವು.

ಅಲ್ಲಿಗೆ ಪಾಲಣ್ಣನಿಗೆ ಲೆಕ್ಕ ತಿಳಿಯಿತು. ಹತ್ತಕ್ಕೆ ಎಂದದ್ದು ಹತ್ತಕ್ಕೇ ಬಂದಿದ್ದರೆ ಅವನು ಇನ್ನೂ ಬೇಲಿಯ ಹತ್ತಿರ ಕಕ್ಕುತ್ತಿದ್ದ.

ಹಿಂತಿರುಗಿ ಬಂದಾಗ ಪೆದ್ದಣ್ಣ ಇನ್ನೂ ಮೇಲೆಯೇ ಇದ್ದ. ಪಾಪಕ್ಕ ಇನ್ನೂ ಪ್ಲೇಯರ್ ಎಸೆಯುತ್ತಿದ್ದಳು. ಅದು ಒಮ್ಮೆಯೂ ಕಂಬದ ಅರ್ಧಕ್ಕೆ ಏರಿರಲಿಲ್ಲ. ಎರಡು ಸಲ ಅವಳ ತಲೆಯ ಮೇಲೇ ಬಿದ್ದಿತ್ತು. ಪಾಲಣ್ಣ ಎಸೆದದ್ದು ಕೈಗೆ ಸಿಕ್ಕ ಮೇಲೆ ಪೆದ್ದಣ್ಣ ಬುಡ್ಡಿಯನ್ನು ಅರ್ಧಂಬರ್ಧ ಕೂರಿಸಿ, ಹಗ್ಗ ಕತ್ತರಿಸಿಕೊಂಡು ಇಳಿದ.

ಸುದ್ದಿ ಊರಿಗೆ ಮುಟ್ಟುವಷ್ಟರಲ್ಲಿ ಬೆಳೆದಿತ್ತು. ಪಾಲಣ್ಣ ಕುದುರೆಯ ಹಾಗೆ ಓಡಿ ಜೀವ ಉಳಿಸಿದ, ತಂತಿಯಲ್ಲಿ ಕರೆಂಟ್ ಓಡಿ ಬರುತ್ತಿತ್ತು, ಇವನು ಪಕ್ಕದಲ್ಲಿ ಓಡಿ ಅದನ್ನು ಹಿಂದೆ ಹಾಕಿದ, ಹೀಗೆ. ಊರು ಖುಷಿಯಾದರೆ ಮಾಡುವುದು ಒಂದೇ. ಸೋಮಶೇಖರಪ್ಪನ ಮನೆಯಲ್ಲಿ ಹೋಳಿಗೆ ಊಟ, ಪಾಲಣ್ಣನಿಗೆ ಮೊದಲ ಎಲೆ. ಹೋಳಿಗೆಯ ಮೇಲೆ ತುಪ್ಪವನ್ನು ಎಷ್ಟು ಸುರಿದರೆಂದರೆ ಕೋಸಂಬರಿ ತೇಲಿ ಪಕ್ಕದವನ ಎಲೆಗೆ ಹೋಯಿತು.

ಪಾಲಣ್ಣ ಕೈ ಹಚ್ಚಲಿಲ್ಲ.

"ತಿನ್ನಪ್ಪ, ಜೀವ ಉಳಿಸಿದೋನೇ ಉಪವಾಸ ಇದ್ರೆ ಹೆಂಗೆ?" ಎಂದ ಸೋಮಶೇಖರಪ್ಪ.

"ನಾನು ಉಳಿಸ್ಲಿಲ್ರಿ. ಕರೆಂಟು ತಡ ಆಗಿ ಬಂತು. ನಾನು ಹೋಗಿ ಕೂತು ದಣಿವಾರಿಸ್ಕೊಂಡ ಮ್ಯಾಲೆ ಬಂತು."

"ಅಯ್ಯೋ, ಎಲ್ಲಾ ಒಂದೇ ಬಿಡು."

"ಒಂದೇ ಅಲ್ರಿ." ಅವನು ಎಲೆ ಮಡಿಚಿದ. ನಮ್ಮೂರಿನಲ್ಲಿ ತುಂಬಿದ ಎಲೆ ಮಡಿಚಿ ಎದ್ದವನು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸೋಮಶೇಖರಪ್ಪನ ಮನೆಯವರು ತಿಂಗಳುಗಟ್ಟಲೆ ಮುಖ ತಿರುಗಿಸಿದರು.

ಮನೆಗೆ ಬಂದು ಶಶಿರೇಖಾಳಿಗೆ, "ಏನೈತೆ?" ಎಂದ. ಮುದ್ದೆ, ಹುರುಳಿಕಾಳು ಸಾರು ಇತ್ತು. ಒಂದೇ ಮುದ್ದೆ ತಿಂದು ಕೈ ತೊಳೆದ. ಅವಳು ಇನ್ನೊಂದು ಹಾಕಲು ಬಂದವಳು, ಅವನ ಮುಖ ನೋಡಿ ಮುದ್ದೆಯನ್ನು ಬುಟ್ಟಿಗೆ ಹಾಕಿದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ನಮಗೆಲ್ಲ ಎಷ್ಟು ಸುಲಭ! ಹೆದರಿದ ಮನುಷ್ಯ ಮರುದಿನದಿಂದ ಓಡಿದ, ಸೊಪ್ಪು ತಿಂದ, ಸಣ್ಣಗಾದ. ಹಾಗಾಗಲಿಲ್ಲ. ಹೆದರಿಕೆ ಹೊಸ ಚಪ್ಪಲಿಯಂಥದ್ದು. ಒಂದು ವಾರ ಕಚ್ಚುತ್ತದೆ, ಆಮೇಲೆ ಕಾಲಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಪಾಲಣ್ಣ ಮತ್ತೆ ಒಂದು ಬೂಟು ಹಾಕಿ ಕೂತ. ಮಂಚದ ಪಕ್ಕದಲ್ಲಿ ಬಜ್ಜಿ ತಟ್ಟೆ ಮತ್ತೆ ಬಂತು.

ಆಗ ಒಂದು ಬೆಳಿಗ್ಗೆ ಪೆದ್ದಣ್ಣ ಬಾಗಿಲಿಗೆ ಬಂದ. ಹೆಗಲ ಮೇಲೆ ಹಗ್ಗ, ಈ ಸಲ ಸೆಣಬಿನದು.

"ನಡಿ, ಮೇಲಿನ ಹಟ್ಟೀಲಿ ಕಂಬದ ಜಂಪರ್ ತಂತಿ ಕಟ್ಟಾಗೈತಂತೆ."

"ನೀನಿನ್ನೂ ಹತ್ತುತೀಯಾ?" ಎಂದ ಪಾಲಣ್ಣ, ತಲೆ ಎತ್ತದೆ.

"ಹತ್ತುತೀನಿ. ಒಂದು ಮಾತು. ಸ್ವಿಚ್ ಕಂಬದ ಕೀಲಿ ನನ್ನ ಕೊಳ್ಳಾಗಿರ್ಬೇಕು. ನೀನು ಹೋಗಿ ಹಿಡಿಕೆ ಎಳೆದು, ಬೀಗ ಹಾಕಿ, ಕೀಲಿ ತಂದು ನನ್ನ ಕೊಳ್ಳಿಗೆ ಹಾಕು. ನಾನು ಕಂಬದ ಕೆಳಗೆ ಕೂತಿರ್ತೀನಿ. ಮಧ್ಯಾಹ್ನ ಆಗ್ಲಿ, ಸಂಜೆ ಆಗ್ಲಿ, ನನಗೇನು ಅವಸ್ರ ಇಲ್ಲ."

"ಅಷ್ಟು ದೂರ ನಾನು..."

"ಅವತ್ತು ನೀನು ಕಂಬದಿಂದ ಜಾರಿದ್ದು ನಾನು ಮೇಲಿಂದ ನೋಡಿದೀನಿ ಪಾಲಣ್ಣ. ಊರಿಗೆ ಹೇಳಿಲ್ಲ. ನನ್ನ ಹೆಂಡ್ತಿಗೂ ಹೇಳಿಲ್ಲ. ಎದ್ದೇಳಲೇ."

ಪಾಲಣ್ಣ ಎರಡನೆಯ ಬೂಟು ಹಾಕಿದ.

ಆ ದಿನ ಸ್ವಿಚ್ ಕಂಬಕ್ಕೆ ಹೋಗಿ ಬರುವುದರಲ್ಲಿ ದಾರಿಯಲ್ಲಿ ಅವನು ಕೂರದ ಬದು ಉಳಿಯಲಿಲ್ಲ. ಪೆದ್ದಣ್ಣ ಕಂಬದ ನೆರಳಲ್ಲಿ ಒಂದು ನಿದ್ದೆ ಮುಗಿಸಿದ್ದ. ಕೀಲಿ ಕೊರಳಿಗೆ ಬಿದ್ದ ಮೇಲೆಯೇ ಎದ್ದ. ಮುಂದಿನ ಸಲವೂ ಹೀಗೇ. ಊರವರು ತಡವಾಯಿತೆಂದು ಕೂಗಾಡಿದರೆ ಪೆದ್ದಣ್ಣ ಬರಿಯ ಕೊರಳು ತೋರಿಸುತ್ತಿದ್ದ: "ಮಾಲೆ ಬಂದಿಲ್ಲ ಇನ್ನೂ, ಮದುಮಗ ಹೆಂಗೆ ಏಳ್ತಾನೆ?"

ಬಜ್ಜಿಯನ್ನು ನಿಲ್ಲಿಸಿದವಳು ಪಾಪಕ್ಕ. ಅವಳು ಉಪದೇಶ ಮಾಡಲಿಲ್ಲ, ಬೈದಳು. "ಬೇಲಿತಾವ ನೀನು ಕಕ್ಕಿದ್ದು ಯಾರ ಬಜ್ಜಿ? ನನ್ನ ಅಂಗಡಿ ಹೆಸರು ಕೆಡಿಸ್ತೀಯ. ಹೊಟ್ಟೇಲಿ ಇಟ್ಕೊಳೋಕೆ ಆಗ್ದೋನಿಗೆ ನಾನು ಕೊಡಲ್ಲ" ಎಂದು ಒಲೆಯ ಮೂಲೆಯಲ್ಲಿ ಬೇಯುತ್ತಿದ್ದ ಹಸಿ ಶೇಂಗಾಕಾಯಿ ಒಂದು ಮುತ್ತುಗದ ಎಲೆಯಲ್ಲಿ ಸುರಿದಳು. ಬೇಯಿಸಿದ ಶೇಂಗಾ ಸುಲಿದು ತಿನ್ನಬೇಕು. ಸುಲಿಯುವಷ್ಟರಲ್ಲಿ ಹಸಿವು ಅರ್ಧ ತಣಿಯುತ್ತದೆ. ನಡೆದು ಬಂದವನಿಗೆ ಅದು ರುಚಿಸಿತು. ಬಹಳ ದಿನಗಳ ಮೇಲೆ ತಿಂದದ್ದು ಏನೆಂದು ಅವನ ನಾಲಿಗೆಗೆ ಗೊತ್ತಾಯಿತು.

ಸಂಕ್ರಾಂತಿ ಕಳೆದು, ಹುಣಸೆ ಹಣ್ಣಾಗುವ ಕಾಲ ಬಂತು. ಪೆದ್ದಣ್ಣನಿಗೆ ಮರಗಳ ಕೆಲಸ. ಅದೇ ಸೋಮಶೇಖರಪ್ಪನ ಹೊಲದ ಕಂಬದಲ್ಲಿ, ಅವತ್ತು ಅರ್ಧಂಬರ್ಧ ಕೂರಿಸಿದ್ದ ಬುಡ್ಡಿ ಮತ್ತೆ ಕಳಚಿತು. ಪೆದ್ದಣ್ಣ ಬಂದು ಎಂದಿನಂತೆ ಕಂಬದ ಕೆಳಗೆ ಕೂತು ಕೊರಳು ಚಾಚಿದ. ಪಾಲಣ್ಣ ಸ್ವಿಚ್ ಕಂಬದಿಂದ ಬಂದ. ಎಲ್ಲೂ ಕೂತಿರಲಿಲ್ಲ. ಕೀಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ತನ್ನ ಕೊರಳಿಗೇ ಹಾಕಿಕೊಂಡ. ಬೂಟು ಬಿಚ್ಚಿದ.

"ಲೇ, ಬ್ಯಾಡ" ಎಂದ ಪೆದ್ದಣ್ಣ.

ಪಾಲಣ್ಣ ಕಂಬ ತಬ್ಬಿದ. ಒಂದು ಕಾಲು. ಎರಡನೆಯದೂ ನೆಲ ಬಿಟ್ಟಿತು. ಆಳೆತ್ತರ ಹೋದ. ಅಲ್ಲಿ ನಿಂತುಬಿಟ್ಟ. ಅಂದು ಜಾರಿದ್ದ ಎದೆಯ ಚರ್ಮ ನೆನಪಿಟ್ಟುಕೊಂಡಿತ್ತು. ಕಣ್ಣು ಮುಚ್ಚಿ ಕಂಬಕ್ಕೆ ಅಂಟಿಕೊಂಡ. ಕೆಳಗೆ ಪೆದ್ದಣ್ಣ ಎರಡೂ ಕೈ ಚಾಚಿ ನಿಂತಿದ್ದ, ಬಿದ್ದರೆ ಹಿಡಿಯುವವನ ಹಾಗೆ. ಪಾಲಣ್ಣನಂಥವನು ಮೇಲೆ ಬಿದ್ದರೆ ಪೆದ್ದಣ್ಣನನ್ನು ಚಾಪೆಯ ಹಾಗೆ ಸುತ್ತಿ ಮನೆಗೆ ಒಯ್ಯಬೇಕಾಗುತ್ತಿತ್ತು, ಆದರೂ ಚಾಚಿದ್ದ.

"ಕೈ ಸರಿಸೋ, ಅಡ್ಡ ನಿಲ್ಬೇಡ" ಎಂದ ಪಾಲಣ್ಣ, ಕಂಬಕ್ಕೆ ಕೆನ್ನೆ ಒತ್ತಿ.

"ನೀನು ಮೊದ್ಲು ಕಣ್ಣು ಬಿಡು."

ಬಿಟ್ಟ. ಮತ್ತೆ ಹತ್ತಿದ. ಕಾಗೆಗಳಿಗೆ ಇವನ ಗುರುತು ಮರೆತಿತ್ತು, ಗಾಬರಿಯಾಗಿ ಹಾರಿದವು. ಹಗ್ಗ ಕಟ್ಟಿ, ಬುಡ್ಡಿ ಬಿಚ್ಚಿ, ತಂತಿಯನ್ನು ಹೆಗಲಿಗೆ ಹೊತ್ತ.

ಆಗ ಮೋಟಾರುಗಳು ಕೂಗಿದವು. ರಸ್ತೆಯಾಚೆಯವು, ಎಲ್ಲವೂ ಒಟ್ಟಿಗೆ.

ಪೆದ್ದಣ್ಣನ ಮುಖ ಬೂದಿಯಾಯಿತು. ಪಾಲಣ್ಣ ತಂತಿ ಹೊತ್ತವನು ಹೊತ್ತೇ ಇದ್ದ. ಒಂದು ಕೈ ತಾನಾಗಿಯೇ ಕೊರಳಿಗೆ ಹೋಯಿತು. ಕೀಲಿ ಇತ್ತು. ಬಿಸಿಲಿಗೆ ಬಿಸಿಯಾಗಿತ್ತು, ಅಷ್ಟೆ. ತಂತಿ ಭುಜದ ಮೇಲೆ ತಣ್ಣಗೆ ಕೂತಿತ್ತು.

ಅವನು ಬುಡ್ಡಿ ಕೂರಿಸಿದ. ತಂತಿ ಕಟ್ಟಿದ. ಕೆಳಗೆ ಅಷ್ಟರಲ್ಲಿ ಪಾಪಕ್ಕ ಸೆರಗಲ್ಲಿ ಶೇಂಗಾಕಾಯಿ ಕಟ್ಟಿಕೊಂಡು ಬಂದು ನಿಂತಿದ್ದಳು, ಬಾಯಿ ಬಿಟ್ಟುಕೊಂಡು.

"ಪಾಪಕ್ಕ, ನಾಲ್ಕು ಕಾಯಿ ಇತ್ತ ಎಸಿ!"

ಪಾಪಕ್ಕ ಎಸೆದಳು. ಅವಳು ಎಸೆದದ್ದು ಅಂದೂ ಕಂಬದ ಅರ್ಧಕ್ಕೆ ಏರಲಿಲ್ಲ. ಎಲ್ಲ ಪೆದ್ದಣ್ಣನ ತಲೆಯ ಮೇಲೆ ಬಿತ್ತು. ತಿನ್ನಬೇಕೆಂದರೆ ಪಾಲಣ್ಣನೇ ಇಳಿದು ಬರಬೇಕಾಯಿತು, ಇಳಿದು ಬಂದ.